ಏರಿನಲ್ಲಿ ಬಂದ ಕರಿಹೊಗೆ

ಎರಡನೇ ಏಟಿಗೇ ಸೋಮನಾಥನ ತುಟಿ ಒಡೆಯಿತು. ಮೂರನೆಯದು ಪಕ್ಕೆಗೆ ಬಿತ್ತು. ಹೊಡೆಯುತ್ತಿದ್ದವನು ಮಾಲೀಕರ ಮಗ ಶಿವಶರಣಪ್ಪ. ಬಲಮುಷ್ಟಿಗೆ ಕೆಂಪಂಚಿನ ಟವೆಲ್ ತುಂಡೊಂದನ್ನು ದಪ್ಪಗೆ ಸುತ್ತಿಕೊಂಡಿದ್ದ. ಹೊಡೆಯುವವನ ಗೆಣ್ಣು ಸುಲಿಯಬಾರದಲ್ಲ.

ಹೆಬ್ಬಾಳ ಫ್ಲೈಓವರ್ ದಾಟಿದರೆ ಸರ್ವಿಸ್ ರಸ್ತೆಯಲ್ಲಿ ಖಾದರ್ ಬಾಷಾನ ಗ್ಯಾರೇಜು. ಅದರ ಶಟರನ್ನು ಹಾಡಹಗಲೇ ಕೆಳಗೆಳೆಸಿದವರು ಶಿವಶರಣಪ್ಪನ ಅಪ್ಪ ಅಪ್ಪಾಸಾಹೇಬರು, ಯಶವಂತಪುರ ಮಾರ್ಕೆಟ್ಟಿನ ಈರುಳ್ಳಿ ವ್ಯಾಪಾರಿ. ಅವರ ಕೈಯಲ್ಲಿ ಮಚ್ಚಿತ್ತು. ಅದಕ್ಕೆ ಇನ್ನೂ ರಕ್ತ ಹತ್ತಿರಲಿಲ್ಲ, ಅದೇ ಅವರ ಸಂಕಟ.

ಮಗಳು ರಕ್ಷಾ ಬೇರೆ ಜಾತಿಯ ಹುಡುಗನ ಜೊತೆ ಯಲಹಂಕದಲ್ಲಿ ರೈಲು ಹತ್ತುತ್ತಾಳೆಂದು ಬೆಳಿಗ್ಗೆ ಸುದ್ದಿ ಸಿಕ್ಕಿತ್ತು. ಇಬ್ಬರನ್ನೂ ಪ್ಲಾಟ್‌ಫಾರ್ಮಿನಲ್ಲೇ ಕಡಿದು ಹಾಕುತ್ತೇನೆಂದು ಅಪ್ಪ ಹೊರಟರು. ಮಚ್ಚು ಹಿಡಿದು ಆಟೋ ಹತ್ತಲಾದೀತೇ? ಈರುಳ್ಳಿ ಸಾಗಿಸುವ ಹಳೇ ಪಿಕಪ್ಪನ್ನೇ ತೆಗೆಸಿದರು. ಅಲ್ಲಿಯವರೆಗೆ ಚೆನ್ನಾಗಿದ್ದ ಗಾಡಿ ಫ್ಲೈಓವರಿನ ಏರಿನಲ್ಲಿ ಇದ್ದಕ್ಕಿದ್ದಂತೆ ದಮ್ಮು ಕಳೆದುಕೊಂಡಿತು. ಸ್ಟೇರಿಂಗ್ ಹಿಡಿದಿದ್ದ ಸೋಮನಾಥ ಎಷ್ಟು ತುಳಿದರೂ ಎಳೆಯಲಿಲ್ಲ. ಹಿಂದಿನವರ ಹಾರ್ನ್ ಕೇಳುತ್ತಾ ತೆವಳಿ ಈಚೆಗೆ ಇಳಿಯುವಷ್ಟರಲ್ಲಿ ರೈಲು ಹೊರಟಿತೆಂದು ಫೋನು ಬಂತು.

ಮಗಳು ತಪ್ಪಿಸಿಕೊಂಡಳು. ಕೈಗೆ ಸಿಕ್ಕವನು ಡ್ರೈವರ್. ರಕ್ಷಾಳನ್ನು ದಿನಾ ಕಾಲೇಜಿಗೆ ಬಿಟ್ಟು ಬರುತ್ತಿದ್ದವನೂ ಅವನೇ. ಅವಳು ಅವನನ್ನು ಅಣ್ಣಾ ಎಂದು ಕರೆಯುತ್ತಿದ್ದಳು.

"ಮೇಸ್ತ್ರಿ, ಗಾಡಿ ತಾನಾಗೇ ಕೆಟ್ಟೈತೋ, ಯಾರರ ಕೆಡಿಸ್ಯಾರೋ, ಅಷ್ಟ ಹೇಳು," ಎಂದರು ಅಪ್ಪಾಸಾಹೇಬರು. "ಕೆಡಿಸಿದ್ರ ಇವನ ಕೈ ಇಲ್ಲೇ ಬೀಳ್ತೈತಿ."

ಖಾದರ್ ಬಾಷಾ ಬಾನೆಟ್ ಎತ್ತಿದ. ಮೂವತ್ತು ವರ್ಷದಿಂದ ನೆಲದ ಮೇಲೆ ಎಣ್ಣೆ ಚೆಲ್ಲಿದ್ದ, ರಕ್ತ ಚೆಲ್ಲಿರಲಿಲ್ಲ. ಇಂಜಿನ್ ಚಾಲೂ ಮಾಡಿಸಿದ. ನಿಂತಲ್ಲಿ ಅದು ಸಾಧುವಿನಂತೆ ಓಡಿತು. ರೇಸ್ ಕೊಟ್ಟರೆ ಕೆಮ್ಮಿ ಸೊರಗಿತು.

"ಏರಲ್ಲಿ ಹೊಗೆ ಹೆಂಗಿತ್ತು? ಬಿಳೀದೋ, ಕರೀದೋ?"

"ಕರೀದು," ಎಂದ ಸೋಮನಾಥ, ರಕ್ತ ಉಗುಳುತ್ತಾ.

ಡೀಸೆಲ್‌ಗೆ ನೀರು ಬೆರೆಸಿದ್ದಾನೆ ಎಂದು ಅಪ್ಪಾಸಾಹೇಬರು ಗುಡುಗಿದರು. ಮಚ್ಚು ಮೇಲೆದ್ದಿತು. ಶಿವಶರಣಪ್ಪ ನಡುವೆ ನುಗ್ಗಿ ಅಪ್ಪನನ್ನು ಹಿಂದಕ್ಕೆ ತಳ್ಳಿದ. "ನೀವು ಹಿಂದಕ್ಕ ಸರೀರಿ ಅಪ್ಪಾ. ಇವನ್ನ ನನಗ ಬಿಡ್ರಿ." ಸೋಮನಾಥನ ಹೊಟ್ಟೆಗೆ ಗುದ್ದಿದ. ಅಪ್ಪ ಮುಂದೆ ಬಂದಾಗಲೆಲ್ಲ ಮಗ ಹೀಗೆ ಅಡ್ಡ ಬಂದು ತಾನೇ ಬಾರಿಸುತ್ತಿದ್ದ. ರಾಕ್ಷಸ ಎಂದುಕೊಂಡ ಖಾದರ್ ಬಾಷಾ. ಆದರೂ ಡೀಸೆಲ್ ಫಿಲ್ಟರ್ ಬಿಚ್ಚಿ, ಬಾಟಲಿಗೆ ಹಿಡಿದು ತೋರಿಸಿದ. ಹನಿ ನೀರಿರಲಿಲ್ಲ.

ತಾನು ಇವತ್ತು ಬಾನೆಟ್ ಮುಟ್ಟೇ ಇಲ್ಲ ಎಂದು ಸೋಮನಾಥ ನೆಲದಿಂದಲೇ ಅತ್ತ. ಗಾಡಿ ಹೊರಡುವವರೆಗೆ ಕೀಲಿ ತನ್ನ ಕೈಗೆ ಕೊಟ್ಟಿರಲಿಲ್ಲ. ಗಾಡಿಯ ಅಮಾವಾಸ್ಯೆ ಪೂಜೆಯನ್ನು ಕೂಡ ಶಿವಶರಣಪ್ಪ ಅಣ್ಣಾರೇ ಮಾಡಿದರು. ಅಪ್ಪಾಸಾಹೇಬರೂ ಅದನ್ನು ಅಲ್ಲಗಳೆಯಲಿಲ್ಲ. ಇಂಥ ಕೆಲಸಕ್ಕೆ ಹೊರಟಾಗ ಪೂಜೆ ಬಿಡಬಾರದೆಂದು ಮಗ ಹಟ ಹಿಡಿದಿದ್ದ. ಚಕ್ರಕ್ಕೆ ನಿಂಬೆಹಣ್ಣಿಟ್ಟು, ಬಾನೆಟ್ ಎತ್ತಿ ಇಂಜಿನ್ನಿಗೆ ಊದಿನಕಡ್ಡಿ ಬೆಳಗಿ, ತನ್ನ ಟವೆಲಿನಲ್ಲಿ ಧೂಳು ಒರೆಸಿದ ಮೇಲೇ ಗಾಡಿ ಹೊರಟಿದ್ದು.

"ಕರಿಹೊಗೆ ಅಂದ್ರೆ ಡೀಸೆಲ್ ಇದೆ, ಗಾಳಿ ಇಲ್ಲ ಅಂತ," ಎಂದ ಖಾದರ್ ಬಾಷಾ. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದ. ಅದಕ್ಕೆ ಗಾಳಿ ತರುವ ಕೊಳವೆಯೊಳಗೆ ಕೈ ತೂರಿಸಿದ.

ಕೈ ಅಲ್ಲೇ ನಿಂತಿತು.

ಅವನು ತಲೆಯೆತ್ತಿ ಸೋಮನಾಥನ ಒಡೆದ ತುಟಿ ನೋಡಿದ. ಮಚ್ಚು ನೋಡಿದ. ಶಿವಶರಣಪ್ಪನ ಮುಷ್ಟಿಯನ್ನೂ ನೋಡಿದ. ಆಮೇಲೆ ಬಾನೆಟ್ಟಿನ ಮರೆಗೆ ಬಗ್ಗಿದ, ತುಸು ಹೊತ್ತು ಅಲ್ಲೇ ತಡಕಾಡಿದ, ಎದ್ದು ಬಂದು ಅಂಗೈ ಚಾಚಿದ. ಅಂಗೈ ತುಂಬ ಕರಿಗಟ್ಟಿದ ಈರುಳ್ಳಿ ಸಿಪ್ಪೆ.

"ಹೊರಗಿನೋರು ಯಾರೂ ಕೈ ಹಾಕಿಲ್ಲ ಸಾವ್ಕಾರ್ರೇ. ನಿಮ್ಮದೇ ಮಾಲು. ಫಿಲ್ಟರ್ ಕಟ್ಟಿ ಉಸಿರು ನಿಂತಿದೆ. ನಿಂತಾಗ ಗೊತ್ತಾಗಲ್ಲ, ಏರಲ್ಲಿ ಗಾಳಿ ಸಾಲಲ್ಲ."

ಡಬ್ಬಿ ಮುಚ್ಚಿ ರೇಸ್ ಕೊಟ್ಟ. ಇಂಜಿನ್ ಗರ್ಜಿಸಿತು, ಹೊಗೆ ತಿಳಿಯಾಯಿತು. ತನ್ನ ಈರುಳ್ಳಿಯೇ ತನ್ನ ದಾರಿ ಕಟ್ಟಿತೆಂದರೆ ಯಾರನ್ನು ಕಡಿಯುವುದು? ಅಪ್ಪಾಸಾಹೇಬರ ಕೈ ಸೋತು ಕೆಳಗಿಳಿಯಿತು. ಮಗ ಮಚ್ಚು ಕಿತ್ತುಕೊಂಡು ಮೂಲೆಗೆಸೆದ, ಅಪ್ಪನನ್ನು ಗಾಡಿಗೆ ಹತ್ತಿಸಿದ. ಸೋಮನಾಥನನ್ನು ಅವನೇ ಕೈಹಿಡಿದು ಎಬ್ಬಿಸಿದ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಶಟರ್ ಎತ್ತಲು ಶಿವಶರಣಪ್ಪ ಬಗ್ಗಿದಾಗ ಖಾದರ್ ಬಾಷಾ ಪಕ್ಕಕ್ಕೆ ಬಂದು, ಕೊಳವೆಯಿಂದ ಎಳೆದು ಅಂಗಿಯೊಳಗೆ ಬಚ್ಚಿಟ್ಟಿದ್ದ ಬಟ್ಟೆಯನ್ನು ಸದ್ದಿಲ್ಲದೆ ಅವನ ಜೇಬಿಗೆ ತುರುಕಿದ. "ತಂಗಿ ಕ್ಷೇಮವಾಗಿ ಹೋದಳು, ಬಿಡಿ," ಎಂದ.

ಅದು ಕೆಂಪಂಚಿನ ಟವೆಲಿನ ಉಳಿದರ್ಧ. ಊದಿನಕಡ್ಡಿಯ ವಾಸನೆ ಇನ್ನೂ ಹೋಗಿರಲಿಲ್ಲ.