ಗೋಡೆ ಕೇಳಿದ ಮಂಗಮ್ಮ

ಮಂಗಮ್ಮ ಎಸೆದ ಕಲ್ಲಿಗೆ ಕಚೇರಿಯ ಕಿಟಕಿಯ ಗಾಜು ಒಡೆಯಿತು. ಸೂಪರಿಂಟೆಂಡೆಂಟ್ ಅನಂತರಾಮು ಹೊರಗೆ ಬರುವಷ್ಟರಲ್ಲಿ ಆಕೆ ಎರಡನೆಯ ಕಲ್ಲನ್ನು ಎತ್ತಿಕೊಂಡಿದ್ದಳು.

"ಇದೇನ್ ಜೈಲಾ, ಛತ್ರಾನಾ? ಗೋಡೆ ಎಲ್ಲಿ ಸ್ವಾಮಿ?"

ಗೋಡೆ ಇರಲಿಲ್ಲ. ಅದೇ ಅನಂತರಾಮುವಿನ ಹೆಮ್ಮೆ. ಸಾರಕ್ಕಿ ಕೆರೆಯ ಪಕ್ಕದಲ್ಲಿ ಆ ವರ್ಷ ತೆರೆದ ಬಯಲು ಜೈಲು ಅದು. ಸರಳಿಲ್ಲ, ಬೇಡಿಯಿಲ್ಲ, ಸುತ್ತ ಮೊಣಕಾಲೆತ್ತರದ ಗಿಡದ ಬೇಲಿ. ನಡತೆ ತಿದ್ದಿಕೊಂಡ ಕೈದಿಗಳು ಹಗಲು ಜಯನಗರದ ಹೊಸ ರಸ್ತೆಗಳಿಗೆಂದು ಸಸಿ ಬೆಳೆಸುತ್ತಿದ್ದರು. ರಾತ್ರಿ ಗಾಳಿಯಾಡುವ ಹೆಂಚಿನ ಶೆಡ್ಡಿನಲ್ಲಿ ಮಲಗುತ್ತಿದ್ದರು. ಯಾರಾದರೂ ಓಡಿದರೆ ಕಾವಲಿನವನು ಒತ್ತಲೆಂದು ಒಂದು ವಿದ್ಯುತ್ ಗಂಟೆ ಹಾಕಿಸಿದ್ದರು. ಅದನ್ನು ಒತ್ತುವ ಸಂದರ್ಭ ಬಂದಿರಲಿಲ್ಲ.

ಆ ಕೈದಿಗಳಲ್ಲಿ ಒಬ್ಬ ತಿಮ್ಮರಾಯಪ್ಪ. ಈ ಕೆರೆಯ ತೂಬಿನ ನೀರಿನ ಜಗಳದಲ್ಲಿ ಮಂಗಮ್ಮನ ಹಿರಿಯ ಮಗ ರಾಮಯ್ಯನನ್ನು ಗುದ್ದಲಿಯಿಂದ ಹೊಡೆದು ಕೊಂದವನು. ಪಟ್ಟಣದ ದೊಡ್ಡ ಜೈಲಿನಲ್ಲಿದ್ದವನು ಈಗ ಅದೇ ಕೆರೆಯ ದಡಕ್ಕೆ, ಆಕೆಯ ಮನೆಯಿಂದ ಕೂಗಳತೆಯ ದೂರಕ್ಕೆ ಬಂದಿದ್ದ.

"ಅವನು ಓಡಿಹೋಗಲ್ಲ ಮಂಗಮ್ಮಾ. ಅವನಿಗೆ ನಾನು ಹೊಣೆ."

"ಅವನಿಗೆ ನೀವು ಹೊಣೆ. ನಂಗ್ಯಾರು ಹೊಣೆ? ಗೋಡೆ ಇರೋ ಕಡೆಗೆ ಅವನನ್ನ ವಾಪಸ್ ಕಳಿಸಿ."

"ಮನುಷ್ಯನನ್ನ ಗೋಡೆ ತಿದ್ದಲ್ಲ. ಕೆಲಸ ತಿದ್ದುತ್ತೆ."

"ನಿಮ್ಮ ಮನೇಲಿ ಹೆಣ ಬಿದ್ದಿಲ್ಲ. ಅದಕ್ಕೇ ಇಂಥ ಮಾತು ಬಾಯಿಗೆ ಬರ್ತದೆ."

ಅಷ್ಟರಲ್ಲಿ ಹಾಲಿನ ಕ್ಯಾನು ಹಿಡಿದು ಆಕೆಯ ಕಿರಿಯ ಮಗ ಸೀನು ಬಂದ. ಅಣ್ಣ ಸತ್ತಂದಿನಿಂದ ಅವನು ಕೂದಲು, ಗಡ್ಡ ತೆಗೆಸಿರಲಿಲ್ಲ. ಹನ್ನೊಂದನೆಯ ದಿನ ಎಲ್ಲರೂ ಕರೆದರೂ ಕ್ಷೌರಕ್ಕೆ ಕೂತಿರಲಿಲ್ಲ. ತಿರುಪತಿ ತಿಮ್ಮಪ್ಪನಿಗೆ ಮುಡಿಯ ಹರಕೆ ಹೊತ್ತಿದ್ದಾನೆಂದು ಊರಿನವರು ತಿಳಿದಿದ್ದರು. ತಿಮ್ಮರಾಯಪ್ಪ ಬಂದ ವಾರವೇ ಜೈಲಿಗೆ ದಿನವೂ ಹಾಲು ಹಾಕುವ ವರ್ತನೆಯನ್ನು ಸೀನು ತಾನಾಗಿ ಕೇಳಿ ಪಡೆದಿದ್ದ.

"ನಿಮ್ಮ ಮಗನನ್ನ ನೋಡಿ ಕಲೀರಿ. ಅಣ್ಣನನ್ನ ಕೊಂದವನಿಗೂ ಹಾಲು ತಂದು ಹಾಕ್ತಾನೆ," ಎಂದರು ಅನಂತರಾಮು.

ಸೀನು ತಲೆ ತಗ್ಗಿಸಿದ. ಮಂಗಮ್ಮನ ಕೈಯಿಂದ ಕಲ್ಲು ಜಾರಿತು.

"ನೋಡ್ತಾನೇ ಇದೀನಿ ಸ್ವಾಮಿ," ಎಂದಳು.

ಆಮೇಲೂ ಆಕೆ ಬರುವುದು ಬಿಡಲಿಲ್ಲ. ಬೇಲಿಯ ಆಚೆ ನಿಂತು ಶಪಿಸುವಳು; ಸಸಿಗೆ ನೀರು ಹಾಕುತ್ತಿದ್ದ ತಿಮ್ಮರಾಯಪ್ಪ ತಲೆಯೆತ್ತುತ್ತಿರಲಿಲ್ಲ. ಮಂಗಳವಾರ ಬನಶಂಕರಿಗೆ ಹೋಗಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚುವಳು. ಆಕೆ ಕೇಳುವ ವರ ಏನೆಂದು ಯಾರೂ ವಿಚಾರಿಸಲಿಲ್ಲ. ಎಲ್ಲರಿಗೂ ಗೊತ್ತಿದೆಯೆಂದು ಎಲ್ಲರೂ ಅಂದುಕೊಂಡಿದ್ದರು.

ಒಂದು ದಿನ ಕಾವಲಿನ ಶಾಂತವೀರಪ್ಪನನ್ನು ಹಿಡಿದು ನಿಲ್ಲಿಸಿದಳು.

"ಅವನು ಮಲಗೋದೆಲ್ಲಿ?"

"ಬಾಗಿಲ ಪಕ್ಕ. ಯಾಕವ್ವಾ, ಹಾಸಿಗೆ ಹಾಸಿಕೊಡ್ತೀಯಾ?"

"ಬಾಗಿಲಿಗೆ ಅಗುಳಿ ಇಲ್ವಾ?"

"ಸಾಹೇಬ್ರೇ ತೆಗೆಸಿಬಿಟ್ರು. ನಂಬಿಕೆ ಬೆಳೀಬೇಕಂತೆ."

"ನಾಯಿ?"

"ಒಂದಿದೆ. ಗುರುತು ಹತ್ತಿದೋರಿಗೆ ಬೊಗಳಲ್ಲ."

ಮಂಗಮ್ಮನ ಮುಖ ಬಿಳಿಚಿಕೊಂಡಿತು. ಶಾಂತವೀರಪ್ಪ ನೇರ ಕಚೇರಿಗೆ ಹೋದ. "ಮುದುಕಿ ಹೊಂಚು ಹಾಕ್ತಿದಾಳೆ ಸಾರ್. ಯಾವುದಕ್ಕೂ ಹುಷಾರಾಗಿರಿ."

ಅನಂತರಾಮು ನಕ್ಕುಬಿಟ್ಟರು.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಮಂಗಮ್ಮ ಸೊಪ್ಪಿನ ಕುಕ್ಕೆ ಹೊತ್ತು ಬೇಲಿ ದಾಟಿದಳು. ನಡುಹಗಲು. ಎಲ್ಲರ ಕಣ್ಣೆದುರೇ ಶೆಡ್ಡಿನ ಕಡೆಗೆ ನಡೆದಳು. ಸೊಪ್ಪಿನ ನಡುವೆ ಕುಡುಗೋಲಿನ ತುದಿ ಹೊಳೆಯುತ್ತಿತ್ತು. ಶಾಂತವೀರಪ್ಪ ಓಡಿ ಗುಂಡಿ ಒತ್ತಿದ. ಹೊರಗೆ ಓಡುವವರಿಗೆಂದು ಇಟ್ಟ ಗಂಟೆ ಮೊದಲ ಸಲ ಹೊಡೆದುಕೊಂಡಿತು, ಒಳಗೆ ಬಂದವಳಿಗಾಗಿ.

ಕುಡುಗೋಲನ್ನು ಮೇಜಿನ ಮೇಲಿಟ್ಟರು. ಹೊಸದಾಗಿ ಮಸೆದಿದ್ದು. ಹಿಡಿಗೆ ಹಳೆಯ ಪಟ್ಟೆ ಅಂಗಿಯ ಬಟ್ಟೆ ಸುತ್ತಿತ್ತು.

"ರಾಮಯ್ಯನ ಅಂಗಿ," ಎಂದಳು ಮಂಗಮ್ಮ.

"ಕೊಲ್ಲೋಕೆ ಬಂದ್ರಾ?" ಎಂದು ಕೇಳಿದರು ಅನಂತರಾಮು.

"ಹಂಗೇ ಬರ್ಕೊಳ್ಳಿ. ಇವತ್ತು ಹಿಡಿದ್ರಿ. ನಾಳೆ ಹಿಡೀತೀರಾ? ನಾಳೆ ನನ್ನ ಮಗನಿಗೆ ಎಡೆ ಇಡೋ ದಿನ. ಕೊಂದವನು ಗೋಡೆ ಇಲ್ಲದ ಕಡೆ ಇರೋವರ್ಗೂ ಈ ಕುಡುಗೋಲು ಸುಮ್ನಿರಲ್ಲ."

ಅನಂತರಾಮು ಕುಡುಗೋಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಫೋನ್ ಎತ್ತಿಕೊಂಡರು.

ಹೊತ್ತು ಇಳಿಯುವ ಮುಂಚೆಯೇ ಜೈಲಿನ ವ್ಯಾನು ಬಂತು. ತಿಮ್ಮರಾಯಪ್ಪನ ಕೈಯಲ್ಲಿ ಸಸಿಯ ಮಣ್ಣು ಇನ್ನೂ ಒಣಗಿರಲಿಲ್ಲ. ಹತ್ತುವ ಮುಂಚೆ ದೂರದಿಂದಲೇ ಆಕೆಗೆ ಕೈಮುಗಿದ. ಆಕೆ ನೆಲಕ್ಕೆ ಉಗುಳಿದಳು.

"ಅಲ್ಲೇ ಬದುಕಿರು ಕಣೋ, ನೂರು ವರ್ಷ!"

"ಬರೋ ವರ್ಷ ಬಿಡುಗಡೆ ಆಗ್ತಿದ್ದ," ಎಂದರು ಅನಂತರಾಮು. "ತಿದ್ದಿಕೊಂಡಿದ್ದ ಮನುಷ್ಯನನ್ನ ಮತ್ತೆ ಕತ್ತಲೆಗೆ ತಳ್ಳಿದ್ರಿ. ದೇವರು ಮೆಚ್ಚಲ್ಲ ಮಂಗಮ್ಮಾ."

"ಅದು ನಂಗೂ ಅಮ್ಮನಿಗೂ ಬಿಟ್ಟದ್ದು."

ಮಗನನ್ನು ಕಳೆದುಕೊಂಡ ಮುದುಕಿ ಎಂದು ಅವರು ಪೊಲೀಸರಿಗೆ ದೂರು ಕೊಡಲಿಲ್ಲ. "ಇದನ್ನು ಮಾತ್ರ ಕೊಡಲ್ಲ," ಎಂದು ಕುಡುಗೋಲನ್ನು ಬೀರುವಿಗೆ ಹಾಕಿದರು.

"ಬೀಗ ಹಾಕಿ ಸ್ವಾಮಿ," ಎಂದಳು ಮಂಗಮ್ಮ. ಬೀಗ ಬೀಳುವವರೆಗೂ ಅಲ್ಲಿಂದ ಕದಲಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಸೀನು ಒರಳುಕಲ್ಲಿನ ಮೇಲೆ ಹತ್ತಿ ನಿಂತು ಸೂರಿನ ಹುಲ್ಲಿನೊಳಗೆ ಕೈಯಾಡಿಸುತ್ತಿದ್ದ. ಅವನ ಮೈಯಿಂದ ಸ್ನಾನದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಬಿಚ್ಚಿದ ಕೂದಲು ಬೆನ್ನಿನ ಮೇಲೆ ಹರಡಿತ್ತು.

"ಅವನನ್ನ ದೊಡ್ಡ ಜೈಲಿಗೆ ಕಳಿಸಿಬಿಟ್ರು ಮಗಾ," ಎಂದಳು ಮಂಗಮ್ಮ. "ನಾಳೆ ತಲೆ ಬೋಳಿಸ್ಕೊಂಡು ನಿಮ್ಮಣ್ಣನಿಗೆ ಎಡೆ ಇಡು."

ಸೀನುವಿನ ಕೈ ಹುಲ್ಲಿನೊಳಗೇ ನಿಂತಿತು. ಅವನು ಮೆಲ್ಲನೆ ತಿರುಗಿದ.

"ಅವ್ವಾ, ನನ್ನ ಕುಡುಗೋಲು ಎಲ್ಲಿ?"