ಮೂಗಿಗೆ ಒತ್ತಿದ ವಲ್ಲಿ

ಧಾರವಾಡದ ಪ್ರಯೋಗಾಲಯದ ಬಾಗಿಲು ದಾಟುತ್ತಲೇ ಬಡಿದ ಮೀನಿನ ವಾಸನೆಗೆ ಶಾಂತಯ್ಯ ಹೆಗಲ ಮೇಲಿನ ವಲ್ಲಿಯನ್ನು ಮೂಗಿಗೆ ಒತ್ತಿಕೊಂಡ. ಮನೆತನದಲ್ಲಿ ಯಾರೂ ಮೀನು ಮುಟ್ಟಿದವರಲ್ಲ. ಅಲ್ಲಿ ಸಂಶೋಧನೆ ಮಾಡುವ ಮಗಳು ರಾಜೇಶ್ವರಿಗೆ ಸಿಟ್ಟೂ ಬಂತು, ನಗೂ ಬಂತು. ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಸೋಫಾದ ಫೋಮ್ ಕತ್ತರಿಸಿದವನು, ಅವಳು ಎಷ್ಟು ಬೇಡಿಕೊಂಡರೂ ಅಲ್ಲಿಯ ಧೂಳಿಗೆ ಒಂದು ದಿನವೂ ಮೂಗು ಮುಚ್ಚಿದವನಲ್ಲ.

“ಬೆಂಕಿ ಹತ್ತಬಾರದಂತ ನಿಮ್ಮ ಫೋಮಿಗೆ ಬೆರಸ್ತಾರಲ್ರಿ ಅಪ್ಪಾ, ಅದ ವಿಷಾನ ಈ ಸಮುದ್ರದ ಮೀನಿಗೆ ಒಂದ ತಿಂಗಳ ತಿನಿಸೇನಿ. ಮೈತುಂಬ ಏರಿತ್ತು. ಈಗ ನೋಡ್ರಿ.” ಪರದೆಯ ಮೇಲೆ ವಿಷದ ಪ್ರಮಾಣ ತೋರಿಸುವ ಮೊದಲಿನ ಗೆರೆ ಗೋಪುರದಷ್ಟು ಎತ್ತರ, ಇವತ್ತಿನದು ಅದರ ಅರ್ಧವೂ ಇರಲಿಲ್ಲ.

“ಎಲ್ಲಿ ಹೋತು?”

“ಮೀನ ತನ್ನ ಮೈಯಾಗ ಅದನ್ನ ಒಡದು ಹಾಕೇತ್ರಿ. ಪೂರ್ತಿ ಹೋಗಿಲ್ಲ ಖರೇ, ಆದ್ರ ಇಳ್ಯಾಕತ್ತೇತಿ.”

“ಏನ ಔಷಧ ಕೊಟ್ಟಿ?”

“ಏನೂ ಇಲ್ರಿ. ವಿಷ ತಿನಸೋದು ನಿಲ್ಲಿಸಿದೆ, ಅಷ್ಟ.”

ಶಾಂತಯ್ಯ ಗಾಜಿನ ತೊಟ್ಟಿಯ ಹತ್ತಿರ ಹೋಗಿ ಬಾಗಿದ. ಬಾಯಿ ತೆರೆದು ಮುಚ್ಚುತ್ತಿದ್ದ ಮೀನನ್ನು ಬಹಳ ಹೊತ್ತು ನೋಡಿದ. ವಲ್ಲಿ ಯಾವಾಗಲೋ ಕೈಗೆ ಜಾರಿತ್ತು. ಅದನ್ನು ಝಾಡಿಸಿ ಮಗಳ ಮುಂದೆ ಹಿಡಿದ.

“ರಾಜೀ, ಇದನ್ನ ಜಾರಲಾರದಂಗ ಹ್ಯಾಂಗ ಕಟ್ಕೋಬೇಕು, ತೋರಸು. ನಾಳೆ ಫೋಮ್ ಕತ್ತರಸಾಕ ಎರಡೂ ಕೈ ಬೇಕಾಗತಾವು.”