ಎರಡು ಗಂಟೆಯ ಅಳತೆ

ತಂಗಿ ಹಳೆಯ ದಾಖಲೆ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಇದು ನಿನ್ನ ಅಕ್ಷರ ತಾನೆ?"

"ನನ್ನದಲ್ಲದೆ ಇನ್ಯಾರದು?" ಎಂದಳು ಅಕ್ಕ. ಹವಾಮಾನ ಕೇಂದ್ರದ ಅಂಗಳದಲ್ಲಿರುವ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು, ದಿನವೂ ಮಧ್ಯಾಹ್ನ ಎರಡಕ್ಕೆ ಉಷ್ಣಮಾಪಕ ಓದಿ ಬರೆಯುತ್ತ ಅವಳಿಗೆ ಇಪ್ಪತ್ತಾರು ವರ್ಷ ಕಳೆದಿತ್ತು. ಪೆಟ್ಟಿಗೆಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯುವವಳೂ ಅವಳೇ. ಆದರೆ ಕಳೆದ ವಾರ ಪತ್ರಿಕೆಯ ಫೋಟೋದಲ್ಲಿ ಅದೇ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಗುತ್ತಿದ್ದವಳು ತಂಗಿ. ಊರಿನ ಬೇಸಿಗೆ ವರ್ಷದಿಂದ ವರ್ಷಕ್ಕೆ ಏರುತ್ತಿರುವುದನ್ನು ಸಾಬೀತು ಮಾಡಿದ ವಿಜ್ಞಾನಿ ಅವಳಂತೆ. ಅಕ್ಕ ಆ ಸುದ್ದಿಯನ್ನು ನಾಲ್ಕು ಸಲ ಓದಿದಳು. ಐದನೇ ಸಲ ಓದಿದರೂ ತನ್ನ ಹೆಸರು ಸಿಗುವುದಿಲ್ಲವೆಂದು ಗೊತ್ತಿದ್ದೂ ಓದಿದಳು. ಶೇಕಡಾ ಲೆಕ್ಕ ಬಾರದೆ ಅಳುತ್ತಿದ್ದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದು ಯಾರು? ನೆನೆದಷ್ಟೂ ಹೊಟ್ಟೆ ಉರಿಯುತ್ತಿತ್ತು.

"ನಲವತ್ತಾರು ಡಿಗ್ರಿ," ಎಂದಳು ತಂಗಿ. "ಈ ಕೇಂದ್ರದಲ್ಲಿ ಇಷ್ಟು ಬಿಸಿಲು ಮತ್ತೆ ಯಾವತ್ತೂ ಬಿದ್ದಿಲ್ಲ. ಅಕ್ಕಪಕ್ಕದ ಕೇಂದ್ರಗಳಲ್ಲಿ ಅವತ್ತು ಎರಡು ಡಿಗ್ರಿ ಕಡಿಮೆ ಇದೆ. ನನ್ನ ಪ್ರಬಂಧ ಪರಿಶೀಲಿಸ್ತಿರೋ ಸಮಿತಿಯವರಿಗೆ ಅನುಮಾನ. ಬರೆದವರು ನಿಜವಾಗ್ಲೂ ಓದಿ ಬರೆದ್ರಾ ಕೇಳ್ಕೊಂಡು ಬಾ ಅಂದ್ರು."

"ಓದಿಲ್ಲ ಅಂದ್ರೆ?"

"ಒಂದು ಅಂಕಿ ಸುಳ್ಳಾದ್ರೆ ನಿನ್ನ ಪುಸ್ತಕಗಳನ್ನೆಲ್ಲ ಪಕ್ಕಕ್ಕಿಡ್ತಾರೆ. ಅದರ ಜೊತೆ ನನ್ನ ಪ್ರಬಂಧನೂ ಹೋಯ್ತು."

ಅಕ್ಕನಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಅಂದಾಜಿಗೆ ಬರೆದೆ ಎಂದರೆ ಸಾಕು, ಫೋಟೋದ ಆ ನಗು ಮಾಯವಾಗುತ್ತದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಸಾಲಿನ ಆರಂಭದಲ್ಲಿದ್ದ ದಿನಾಂಕ ಕಣ್ಣಿಗೆ ಬಿತ್ತು. ಹನ್ನೊಂದು ವರ್ಷದ ಹಿಂದೆ, ತಂಗಿಗೆ ಡಾಕ್ಟರೇಟ್ ಕೊಟ್ಟ ದಿನ ಅದು.

"ಅವತ್ತು ನಿಂಗೆ ವಿಪರೀತ ಜ್ವರ," ತಂಗಿ ಮೆಲ್ಲಗೆ ಹೇಳಿದಳು. "ಹಾಸಿಗೆಯಿಂದ ಏಳೋಕೆ ಆಗ್ತಿಲ್ಲ, ಸಮಾರಂಭಕ್ಕೆ ಬರಲ್ಲ ಅಂತ ನೀನೇ ಫೋನ್ ಮಾಡಿದ್ದೆ. ಹಾಗಿದ್ರೆ ಇಲ್ಲಿ ಗೆರೆ ಇರಬೇಕಿತ್ತಲ್ಲ?"

ಓದದ ದಿನಕ್ಕೆ ಗೆರೆ ಎಳೆಯಬೇಕು. ಕೇಂದ್ರದ ನಿಯಮ ಅದು. ಇಷ್ಟು ವರ್ಷಗಳಲ್ಲಿ ಅಕ್ಕ ಎಳೆದದ್ದು ಒಂಬತ್ತೇ ಗೆರೆ. ಆ ದಿನದ ಅಂಕಿಯ ಪಕ್ಕದಲ್ಲಂತೂ ಅವಳದೇ ದುಂಡಕ್ಷರದ ಷರಾ ಇತ್ತು: 'ಗಾಳಿಯ ಸುಳಿವಿಲ್ಲ. ಚಿಲಕ ಮುಟ್ಟಿ ಬೆರಳು ಸುಟ್ಟಿತು.' ಅಂಕಿ ಸುಳ್ಳೆಂದರೆ ತಂಗಿಯ ಜೊತೆ ತನ್ನ ಇಪ್ಪತ್ತಾರು ವರ್ಷವೂ ನೀರುಪಾಲು. ನಿಜವೆಂದರೆ, ತಂಗಿಗೆ ಚಪ್ಪಾಳೆ ತಟ್ಟಲು ಮನಸ್ಸಾಗದೆ ಇಲ್ಲಿ ಬಂದು ಅವಿತುಕೊಂಡದ್ದು ಬಯಲಾಗುತ್ತದೆ.

ಅಕ್ಕ ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಆ ಷರಾದ ಮೇಲೆ ಬೆರಳಿಟ್ಟಳು.

"ಅಂಕಿ ಸರಿಯಾಗಿದೆ," ಎಂದಳು. "ನಂಗೂ ನಂಬಿಕೆ ಬರಲಿಲ್ಲ. ಎರಡು ಸಲ ಓದಿದೆ."

"ಜ್ವರ?"

"ಇರಲಿಲ್ಲ."

ತಂಗಿ ಸಮಿತಿಯ ಕಾಗದ ತೆಗೆದು, ಆ ದಿನಾಂಕದ ಮುಂದೆ 'ನಂಬಬಹುದು' ಎಂದು ಬರೆದು ಸಹಿ ಹಾಕಿದಳು.

"ಅವತ್ತು ನನ್ನ ಪಕ್ಕದ ಕುರ್ಚಿ ಮೇಲೆ ಬ್ಯಾಗ್ ಇಟ್ಕೊಂಡಿದ್ದೆ," ಎಂದಳು ಪೆನ್ನಿನ ಮುಚ್ಚಳ ಹಾಕುತ್ತ. "ಜ್ವರ ಇಳಿದ್ರೆ ಅಕ್ಕ ಬಂದೇ ಬರ್ತಾಳೆ ಅಂತ, ಕೊನೇವರೆಗೂ ಅಲ್ಲಿ ಯಾರನ್ನೂ ಕೂರೋಕೆ ಬಿಡಲಿಲ್ಲ."